ಭೀಮನ ಒಂದು ಪ್ರವೇಶ ಸಾಕು ಕಣೋ

ಪ್ರೀತಿಯ ಗೆಳೆಯಾ,

ಕೊನೆ ವರ್ಷದ ಕ್ಯಾಪ್‌ಸ್ಟೋನ್‌ಗೆ, ಅಂದರೆ ಪದವಿಯ ಕೊನೆಯ ದೊಡ್ಡ ಪ್ರಾಜೆಕ್ಟಿಗೆ, ನಮ್ಮ ವೃತ್ತಿ ನಾಟಕ ಮಂಡಳಿಗಳ ಕಂಪನಿ ನಾಟಕ ತೆಗೆದುಕೊಳ್ಳುತ್ತೇನೆ ಅಂತ ನೀನು ಬರೆದದ್ದು ಓದಿ ತುಂಬಾ ಖುಷಿಯಾಯಿತು. ಅಮೆರಿಕದ ಕಾಲೇಜಿನ ರಂಗದ ಮೇಲೆ ನಮ್ಮ ಭೀಮ ಗದೆ ಹಿಡಿದು ನಿಲ್ಲುವುದು ಸಣ್ಣ ಮಾತಾ! ಆದರೆ ಯೋಜನೆ ವಿಪರೀತ ದೊಡ್ಡದಾಯಿತು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯಿಂದ ಹಿಡಿದು ಇವತ್ತಿನವರೆಗಿನದ್ದೆಲ್ಲ ಒಂದು ಪ್ರಬಂಧ, ಒಂದು ಪ್ರದರ್ಶನದಲ್ಲಿ ಹಿಡಿಸುವುದಿಲ್ಲ.

ರಂಗನಟಿ ಆರ್. ನಾಗರತ್ನಮ್ಮನವರನ್ನು ಮಾತ್ರ ತೆಗೆದುಕೋ. 1958ರಲ್ಲಿ ಅವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಒಂದು ಕಾಲಕ್ಕೆ ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡಿದ ರಂಗಭೂಮಿ ಇದು, ಅಲ್ವಾ? ಅಂಥ ಕಡೆ ಇವರು ಕಂಸನಾದರು, ರಾವಣನಾದರು, 'ಕೃಷ್ಣಗಾರುಡಿ' ನಾಟಕದಲ್ಲಿ ಭೀಮನಾದರು. ಆ ಭೀಮನ ಮೈಕಟ್ಟು, ನಡಿಗೆ, ದನಿ ಎಲ್ಲಿಂದ ಬಂತು? ನಿನ್ನ ಪ್ರಶ್ನೆ ಇಷ್ಟೇ ಇರಲಿ, ಪ್ರದರ್ಶನಕ್ಕೆ ಆ ಭೀಮನ ಒಂದು ಪ್ರವೇಶ ಸಾಕು.

ಹಿಂದೊಮ್ಮೆ ಕಂಪನಿ ನಾಟಕದ ಹಿರಿಯ ಕಲಾವಿದೆಯೊಬ್ಬರ ಮನೆಗೆ ಹೋಗಿದ್ದೆ. ದುರ್ಯೋಧನನ ಒಂದು ಮಾತು ಹೇಳಿ ಎಂದು ಕೇಳಿದೆ. ಅಮ್ಮ ಕುರ್ಚಿಯಿಂದ ಏಳಲಿಲ್ಲ. ಪಾದ ಎರಡನ್ನೂ ಅಗಲಿಸಿ ನೆಲಕ್ಕೆ ಊರಿದರು. ಭುಜ ಹಿಂದಕ್ಕೆ ಹೋಯಿತು, ಗದ್ದ ಮೇಲೆದ್ದಿತು. ಆಮೇಲೆ ಹೊಟ್ಟೆಯಿಂದ ದನಿ ಬಂತು ನೋಡು, ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಮೈಕಿಲ್ಲದೆ ಕೊನೆ ಸಾಲಿಗೆ ಮುಟ್ಟಿಸಿ ಅಭ್ಯಾಸವಾದ ಗಂಟಲು ಅದು. ಇಂಥದ್ದು ಯಾವ ಪುಸ್ತಕದಲ್ಲೂ ನಿನಗೆ ಸಿಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಬೇಸಿಗೆ ರಜೆಗೆ ಬಾ. ಹಿರಿಯರನ್ನು ಇಬ್ಬರೂ ಹೋಗಿ ಕಾಣೋಣ. ಸಂದರ್ಶನಕ್ಕೆ ಕಾಲೇಜಿನ ಸಂಶೋಧನಾ ಸಮಿತಿಯ ಒಪ್ಪಿಗೆ ಬೇಕಾ ಅಂತ ಈಗಲೇ ವಿಚಾರಿಸು. ಕಲಿಸಿದವರಿಗೆ ಸಂಭಾವನೆ ಕೊಡಲು ಬಜೆಟ್‌ನಲ್ಲಿ ದುಡ್ಡು ತೆಗೆದಿಡು. ಸೀನರಿ ಪರದೆ ಇಲ್ಲದಿದ್ದರೂ ನಡೆಯುತ್ತದೆ, ಈ ಸಂಭಾವನೆ ಇರಲೇಬೇಕು.

ಅಲ್ಲಿ ನಿನ್ನ ಜೊತೆ ಓದುವ ಹುಡುಗಿಯರಿಗೆ ಕನ್ನಡ ಬರುವುದಿಲ್ಲ ಎಂದು ಚಿಂತೆ ಮಾಡಿದ್ದೀಯ. ಮಾತು ಇಂಗ್ಲಿಷಿನಲ್ಲೇ ಇರಲಿ. ಹಾಡು ಮಾತ್ರ ಕನ್ನಡದಲ್ಲಿರಲಿ, ಅದನ್ನು ನಟಿಯೇ ಹಾಡಲಿ. ಹಿನ್ನೆಲೆಗೆ ಬೇರೆಯವರ ದನಿ ಹಾಕಿದರೆ ಕಂಪನಿ ನಾಟಕದ ಜೀವವೇ ಹೋಗುತ್ತದೆ. ತಾಲೀಮಿಗೆ ಮೊದಲ ದಿನದಿಂದಲೇ ಹಾರ್ಮೋನಿಯಂ ಇರಲಿ. ಪ್ರೇಕ್ಷಕರು 'ಒನ್ಸ್ ಮೋರ್' ಅಂದರೆ ಭೀಮ ಹಾಡನ್ನು ಮತ್ತೆ ಹಾಡಬೇಕು, ಅದನ್ನೂ ಅಭ್ಯಾಸ ಮಾಡಿಸು.

ತಾಲೀಮಿನ ಡೈರಿಯನ್ನು ಅವತ್ತವತ್ತೇ ಬರೆದಿಡು. ಯಾರ ಹೆಜ್ಜೆ ಎಲ್ಲಿ ತಪ್ಪಿತು, ಗದೆ ಎತ್ತಿದಾಗ ಯಾರ ಉಸಿರು ಕಟ್ಟಿತು, ಎಲ್ಲ ಬರಲಿ. ನಿನ್ನ ಪ್ರಬಂಧ ಆ ಪುಟಗಳಿಂದಲೇ ಹುಟ್ಟಬೇಕು.

ಯೋಜನೆಯನ್ನು ಒಂದು ಪುಟಕ್ಕೆ ಇಳಿಸಿ ಈ ವಾರವೇ ಕಳಿಸು. ಆ ಅಮ್ಮನಿಗೆ ಇವತ್ತೇ ಫೋನ್ ಮಾಡಿ, ನೀನು ಬರುವ ವಿಷಯ ಹೇಳುತ್ತೇನೆ.

ನಿನ್ನ ಗೆಳೆಯ