ಜೋಳದ ಹೊಲದಲ್ಲಿ ಉಳಿದ ಉಂಗುರ

ಕಲಬುರಗಿ

ಪ್ರಿಯ ಗೆಳೆಯಾ,

ನನ್ನ ಹೊಸ ಫೋಟೋ ಕಂಡು ಪುಣೆಯಿಂದ ‘ಇವನ್ಯಾರಪ್ಪ?’ ಎಂದು ಕೇಳಿದ್ದೀಯ. ಅದಕ್ಕೆ ಎರಡು ಸಾಲಿನಲ್ಲಿ ಉತ್ತರಿಸಲಾಗದು. ನಾಲ್ಕು ಜನರ ಮುಂದೆ ಹೇಳಿದರೆ ಸುಳ್ಳು ಸೇರಿಸುವ ಚಟವಾದರೂ ಕಡಿಮೆಯಾದೀತೆಂಬ ಆಸೆಯಿಂದ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ತಕ್ಕಡಿಯ ರಾತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಒಂಬತ್ತು ತಿಂಗಳಲ್ಲಿ 96 ಕೆಜಿಯಿಂದ 74ಕ್ಕೆ ಇಳಿದಿದ್ದೇನೆ. ತೂಕ ಇಳಿದರೆ ಹೊಟ್ಟೆ ಇಳಿಯುತ್ತದೆ ಎಂದಷ್ಟೇ ತಿಳಿದಿದ್ದ ನನಗೆ, ಉಳಿದ ಅಂಗಾಂಗಗಳೂ ಒಂದೊಂದಾಗಿ ತಮ್ಮ ತಕರಾರು ಹಿಡಿದು ಬರುತ್ತವೆಂದು ಯಾರೂ ಹೇಳಿರಲಿಲ್ಲ. ಮೂರನೆಯ ತಿಂಗಳಿಗೆ ಬಾಚಣಿಕೆಯ ತುಂಬ ಕೂದಲು ಬಂತು. ಊಟ ಒಮ್ಮೆಲೇ ಕಡಿಮೆಯಾದಾಗ ದೇಹ ಕೂದಲಿನ ಖರ್ಚಿಗೆ ಕತ್ತರಿ ಹಾಕುತ್ತದೆ, ಎರಡು ಮೂರು ತಿಂಗಳ ಮೇಲೆ ಅದು ಉದುರುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಸಮಾಧಾನ ಹೇಳಿದರು. ಮಲಬದ್ಧತೆಯ ಕಥೆಯನ್ನು ಫೋನಿನಲ್ಲಿ ಹೇಳುತ್ತೇನೆ. ಮಾರ್ಕೆಟ್ಟಿನಲ್ಲಿ ಸಿಕ್ಕವರಂತೂ ದನಿ ತಗ್ಗಿಸಿ, ‘ಹಿಂಗ್ಯಾಕ ಸೊರಗೀರಿ, ಶುಗರ್ ಬಂದದೇನ್ರಿ?’ ಎಂದು ಕೇಳುತ್ತಾರೆ, ಇಲ್ಲವೆಂದರೆ ನಂಬುವುದಿಲ್ಲ.

ಎಳ್ಳಮಾವಾಸ್ಯೆಗೆ ಜೇವರ್ಗಿ ಕಡೆಯ ಚಿಕ್ಕಪ್ಪನ ಹೊಲಕ್ಕೆ ಹೋಗಿದ್ದೆವು. ಬೇಸಿಗೆಯಲ್ಲಿ 42 ಡಿಗ್ರಿಗೂ ಜಗ್ಗದ ಊರಿನವನೆಂದು ನಿಮಗೆಲ್ಲ ಜಂಭ ಕೊಚ್ಚುತ್ತಿದ್ದ ನಾನು ನಡುಮಧ್ಯಾಹ್ನ ಸ್ವೆಟರ್ ತೊಟ್ಟು ನಡುಗುತ್ತಿದ್ದೆ. ಚರ್ಮದಡಿ ಬೆಚ್ಚಗಿಡುತ್ತಿದ್ದ ಪದರ ಕರಗಿದೆ. ಮೇಲಾಗಿ, ಕಡಿಮೆ ಉಣ್ಣುವ ದೇಹ ಒಳಗಿನ ಒಲೆಯನ್ನೂ ಸಣ್ಣಗೆ ಉರಿಸುತ್ತದೆ. ಕಂಬಳಿಯ ಮೇಲೆ ಕುಳಿತರೆ ಕುಂಡಿಯ ಎಲುಬಿಗೆ ಕರಿಮಣ್ಣಿನ ಒಂದೊಂದು ಹೆಂಟೆಯೂ ಲೆಕ್ಕಕ್ಕೆ ಸಿಗುತ್ತಿತ್ತು. ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಲು ಎದ್ದು, ಹಳೆಯ ಹುಮ್ಮಸ್ಸಿನಲ್ಲಿ ಕೈ ಬೀಸಿದೆ ನೋಡು, ಭಜ್ಜಿ ಮತ್ತು ಕಡುಬಿನ ಸಂಗಡ ಮದುವೆಯ ಉಂಗುರವೂ ಬೆರಳಿನಿಂದ ಜಾರಿ ಎದೆಯೆತ್ತರದ ಜೋಳದೊಳಗೆ ಹೋಯಿತು. ತಾಸುಗಟ್ಟಲೆ ಹುಡುಕಿದೆವು. ಭೂತಾಯಿಗೆ ಬಂಗಾರವೇ ಸಂದಿತೆಂದು ಚಿಕ್ಕಪ್ಪ ನಕ್ಕರು. ಊಟ ಆರಿತು, ನನ್ನ ಹೆಂಡತಿಯ ಸಿಟ್ಟು ಇನ್ನೂ ಆರಿಲ್ಲ.

ಹೇಳಬೇಕೆಂದಿದ್ದದ್ದು ಇಷ್ಟೇ. ಆದರೆ ಮರಳುವಾಗ ಬಸ್ಸಿನಲ್ಲಿ ನಡೆದದ್ದನ್ನು ಬಿಟ್ಟರೆ ಈ ಪತ್ರವೇ ಸುಳ್ಳಾದೀತು. ಮೂವರ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ನನಗಿಂತ, ಅಂದರೆ ಹಳೆಯ ನನಗಿಂತ, ದಪ್ಪಗಿದ್ದ ಒಬ್ಬರು ಬಂದು ನಿಂತಾಗ ನಾನು ಸರಿಯುವ ಬದಲು ಚೀಲವನ್ನು ಪಕ್ಕಕ್ಕೆ ಎಳೆದುಕೊಂಡೆ. ಅವರು ಅದನ್ನು ಕಂಡರು. ಕಂಡೂ ನಕ್ಕು, ‘ನಾ ಎರಡು ಟಿಕೀಟ್ ತಗಸಬೇಕಿತ್ರಿ’ ಎಂದರು. ಸುತ್ತಲಿನವರು ನಕ್ಕರು. ಗೆಳೆಯಾ, ಆ ಮಾತು ನನ್ನದು. ಇಪ್ಪತ್ತು ವರ್ಷ, ಹತ್ತಿದ ಬಸ್ಸಿನಲ್ಲೆಲ್ಲ, ಬೇರೆಯವರು ಅನ್ನುವುದಕ್ಕೆ ಮೊದಲು ನಾನೇ ಅಂದು ಮುಗಿಸುತ್ತಿದ್ದ ಮಾತು. ಹಾಗೆ ಅಂದಾಗ ಗಂಟಲಲ್ಲಿ ಏನಾಗುತ್ತದೆಂದು ಬಲ್ಲ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕೊನೆಗೆ ಅವರು ಕುಳಿತು, ಅವರ ತೋಳು ನನಗೆ ತಾಗಿದಾಗ ಹೇಸಿಕೆಯಾಯಿತು. ಬಿಟ್ಟುಬಂದ ಮೈ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತಂತಾಗಿ ಕಲಬುರಗಿ ಬರುವತನಕ ಹೆದರಿಕೊಂಡಿದ್ದೆ. ಹಾಸ್ಟೆಲಿನಲ್ಲಿ ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ನೀನೂ ನಗುತ್ತಿದ್ದೆ. ನೀನು ನಕ್ಕದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನೆಂದು ನನಗೂ ಗೊತ್ತಾದದ್ದು ಇದನ್ನು ಬರೆಯುತ್ತಿರುವ ಈಗಲೇ.

ಇರಲಿ, ಕ್ಷಮೆ ಗಿಮೆ ಎಂದು ಫೋನ್ ಮಾಡಿ ನನ್ನ ಮಾನ ಕಳೆಯಬೇಡ. ಕರಗಿದ ಕೊಬ್ಬು ಎಲ್ಲಿಗೆ ಹೋಯಿತೆಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರವಿದೆ. 10 ಕೆಜಿ ಕೊಬ್ಬಿನಲ್ಲಿ ಸುಮಾರು 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೋಗುತ್ತದೆ, ಉಳಿದದ್ದು ನೀರು. ಹೀಗಾಗಿ ನನ್ನ ದೊಡ್ಡ ಪಾಲೊಂದು ನಮ್ಮೂರಿನ ‘ಅಪ್ಪನ ಕೆರೆ’ಯ ಸುತ್ತಲಿನ ಗಾಳಿಗೆ ಸೇರಿದೆ. ಸಂಜೆ ಅಲ್ಲಿ ತಿರುಗಾಡುವ ಮಹನೀಯರು ದಯವಿಟ್ಟು ಸಹಿಸಿಕೊಳ್ಳಬೇಕು.

ಜೋಳದ ರಾಶಿಗೆ ಬಂದುಬಿಡು, ಉಂಗುರ ಹುಡುಕೋಣ. ಇನ್ನೊಬ್ಬರ ವಸ್ತು ನಿನ್ನ ಕಣ್ಣಿಗೆ ಬೇಗ ಬೀಳುತ್ತದೆ. ವಾರ್ಡನ್ನರ ಛತ್ರಿಯೇ ಸಾಕ್ಷಿ.

ಇಂತಿ ನಿನ್ನ,
ಡಬಲ್ ಟಿಕೀಟ್