ಪುಟ್ಟಿಗೆ, ಜೆರಾಕ್ಸ್ ಅಂಗಡಿಯಿಂದ

ತಿಪಟೂರು
ಭಾನುವಾರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಹಾಗೇ ಇದೆ. ಇದನ್ನೆಲ್ಲ ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸಿಬಿಡುತ್ತೀಯ. ಅದಕ್ಕೇ ಪತ್ರ.

ಹೋದ ತಿಂಗಳು ಚಿಕ್ಕಪ್ಪನ ಗೃಹಪ್ರವೇಶದಲ್ಲಿ ಪಕ್ಕದ ಎಲೆಯವರು ನನ್ನನ್ನು ಕೇಳಿದರಲ್ಲ, "ಮಗಳು ಏನ್ ಓದ್ತಾ ಇದಾಳೆ?" ಅಂತ. "ಡಿಗ್ರಿ" ಅಂದೆ. "ಯಾವುದ್ರಲ್ಲಿ?" ಅಂದರು. ನಾನು ಮಾತು ತೇಲಿಸಿ, "ಐಎಎಸ್‌ಗೆ ತಯಾರಿ ಮಾಡ್ತಿದಾಳೆ" ಅಂದುಬಿಟ್ಟೆ. ನೀನು ಅದೇ ಸಾಲಿಗೆ ಒಬ್ಬಟ್ಟು ಬಡಿಸುತ್ತಾ ಬರುತ್ತಿದ್ದೆ. ಕೇಳಿಸಿಕೊಂಡೆ, ಏನೂ ಅನ್ನಲಿಲ್ಲ. ನನ್ನ ಎಲೆಯೊಂದನ್ನು ಬಿಟ್ಟು ಮುಂದೆ ಹೋದೆ.

ತಪ್ಪು ನನ್ನದೇ. ನೀನು ಓದುತ್ತಿರುವುದು ಸಮಾಜಶಾಸ್ತ್ರ ಅಂದಿದ್ದರೆ "ಅದ್ರಲ್ಲಿ ಏನ್ ಕೆಲಸ ಸಿಗುತ್ತೆ?" ಅನ್ನುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೆಂಟು ವರ್ಷದಿಂದ ತಾಲ್ಲೂಕು ಕಚೇರಿ ಎದುರು ಕೂತು ಊರವರ ಕೆಲಸದ ಅರ್ಜಿ ತುಂಬಿಸುವವನು ನಾನು, ನನ್ನ ಹತ್ತಿರವೇ ಇಲ್ಲ ಅಂದರೆ ನಾಚಿಕೆ ಅಲ್ವಾ? ಅವತ್ತಿನಿಂದ ಬಂದ ಪ್ರತಿ ನೋಟಿಫಿಕೇಶನ್‌ನಲ್ಲೂ ವಿದ್ಯಾರ್ಹತೆಯ ಸಾಲನ್ನು ನಿನ್ನ ಸಲುವಾಗಿ ಓದುತ್ತಿದ್ದೇನೆ.

ಬಹಳ ಕಡೆ ಅಲ್ಲಿರುವುದು "ಯಾವುದೇ ಪದವಿ" ಅಂತ. ಪಿಡಿಒಗೂ ಅದೇ, ಕೆಎಎಸ್‌ಗೂ ಅದೇ, ಬ್ಯಾಂಕಿಗೂ ಅದೇ. ಓದುವುದಕ್ಕೆ ಚೆನ್ನಾಗಿದೆ. ಆದರೆ ನಿನಗೆ ತೆರೆದ ಬಾಗಿಲಲ್ಲೇ ಬಿಇ ಮಾಡಿದವನೂ ಬಿಎಸ್ಸಿ ಅಗ್ರಿ ಮಾಡಿದವಳೂ ನಿಂತಿರುತ್ತಾರೆ. ನೀನು ಓದಿದ ವಿಷಯಕ್ಕೆ ಅಲ್ಲಿ ಬೆಲೆ ಇಲ್ಲ, ಪದವಿ ಕಾಗದಕ್ಕೆ ಮಾತ್ರ ಇದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಒಬ್ಬ ಹುಡುಗನ ಹೆಸರಲ್ಲಿ ಒಂದು ಫೋಲ್ಡರ್ ಇದೆ. ಹೆಸರು ಬೇಡ, ನಿನಗೂ ಪರಿಚಯದವನೇ. ಇಪ್ಪತ್ತೆರಡಕ್ಕೆ ಮೊದಲ ಅರ್ಜಿ ಹಾಕಿಸಲು ಬಂದ, ಈಗ ಮೂವತ್ತೊಂದು. ಅರ್ಜಿಗೆ ಇತ್ತೀಚಿನ ಫೋಟೊನೇ ಆಗಬೇಕಲ್ಲ, ಹಾಗಾಗಿ ಏಳು ಫೋಟೊ ಸೇರಿದ್ದವು. ಮೊನ್ನೆ ಎಂಟನೆಯದನ್ನು ಸೇರಿಸುವಾಗ ಎಲ್ಲವೂ ಸ್ಕ್ರೀನಿನ ಮೇಲೆ ಸಾಲಾಗಿ ಬಂದವು. ಮೊದಲನೆಯದರಲ್ಲಿ ತಲೆತುಂಬ ಕೂದಲು, ಸಣ್ಣ ನಗು. ಕೊನೆಯದರಲ್ಲಿ ಎರಡೂ ಕಮ್ಮಿ. ಅವನೂ ನೋಡಿದ. "ಅಂಕಲ್, ಹಳೇವೆಲ್ಲ ಡಿಲೀಟ್ ಮಾಡಿಬಿಡಿ" ಅಂದ.

ಒಂದು ವರ್ಷ ನೋಟಿಫಿಕೇಶನ್ನೇ ಬರುವುದಿಲ್ಲ. ಬಂದರೆ ಪರೀಕ್ಷೆ ಮುಂದೆ ಹೋಗುತ್ತೆ. ಪರೀಕ್ಷೆ ಆದರೆ ಕೇಸು ಬೀಳುತ್ತೆ. ಹುಡುಗ ಸೋಮಾರಿಯಲ್ಲ ಪುಟ್ಟಿ, ಕಾದು ಕಾದು ಹಾಗಾದ. ಅದಕ್ಕೆ ಪರೀಕ್ಷೆ ಬರೆಯಬೇಡ ಅನ್ನುವುದಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರವನ್ನೇ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. 250ರ ಎರಡು ಪೇಪರ್, ಒಟ್ಟು 500 ಅಂಕ. ನೀನು ಈಗ ಓದುತ್ತಿರುವುದೇ ಅಲ್ಲಿಗೂ ಬರುತ್ತೆ. ಬರಿ. ಆದರೆ ಕೈಯಲ್ಲಿ ಇನ್ನೊಂದು ಕೆಲಸವೋ ಓದೋ ಇಟ್ಟುಕೊಂಡು ಬರಿ. ಬೆಂಗಳೂರಿನಲ್ಲಿ ಪಿಜಿ ಹಿಡಿದು ಮೂರು ವರ್ಷ ಬರೀ ಕೋಚಿಂಗಿಗೆ ಹೋಗುತ್ತೇನೆ ಅಂದರೆ ನಾನು ದುಡ್ಡು ಕೊಡುವುದಿಲ್ಲ. ಕೊಬ್ಬರಿ ರೇಟು ಎಷ್ಟೇ ಏರಿದರೂ ಕೊಡುವುದಿಲ್ಲ.

ನೀನು ಏನು ಓದುತ್ತಿದ್ದೀಯ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು 2025ರ ದಸರಾ ರಜೆಯಲ್ಲಿ. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಟೀಚರ್ ಬಂದಿದ್ದರಲ್ಲ, 60 ಪ್ರಶ್ನೆ ಇಟ್ಟುಕೊಂಡು. ಪಾಪ, ಆ್ಯಪ್ ಬೇರೆ ಕೈಕೊಡುತ್ತಿತ್ತು. ಅಜ್ಜಿಯ ಹತ್ತಿರ "ಮದುವೆ ಆದಾಗ ಎಷ್ಟು ವಯಸ್ಸಮ್ಮ?" ಅಂತ ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು "ಅದೆಲ್ಲ ಯಾರಿಗ್ ಗೊತ್ತು, ಹದಿನೆಂಟು ಅಂತ ಬರ್ಕೊಳ್ಳಿ" ಅಂದಳು. ಅವರು ಬರೆದುಕೊಳ್ಳುವುದರಲ್ಲಿದ್ದರು. ನೀನು ಅಡಿಕೆ ತಟ್ಟೆ ಪಕ್ಕಕ್ಕಿಟ್ಟು ಅಜ್ಜಿಯ ಕಾಲ ಹತ್ತಿರ ಕೂತೆ. "ಅಜ್ಜಿ, ನೀನು ಈ ಮನೆಗೆ ಬಂದಾಗ ಬಾವಿ ಹತ್ರದ ತೆಂಗಿನಮರ ಕಾಯಿ ಬಿಡ್ತಿತ್ತಾ?" ಅಂದೆ. "ಎಲ್ಲಿ ಬಿಡ್ತಿತ್ತು! ಅದನ್ನ ನೆಟ್ಟಿದ್ದೇ ನಾನು ಬಂದ ವರ್ಷ. ನಾನಿನ್ನೂ ದೊಡ್ಡೋಳೇ ಆಗಿರಲಿಲ್ಲ" ಅಂದಳು ಅಜ್ಜಿ.

ಟೀಚರ್ ತಲೆ ಎತ್ತಿ ನೋಡಿದರು. ನನಗೆ ಐವತ್ತೆರಡು ವರ್ಷ. ನಮ್ಮಮ್ಮ ಹನ್ನೆರಡೋ ಹದಿಮೂರೋ ವರ್ಷಕ್ಕೆ ಮದುವೆಯಾಗಿ ಬಂದವಳು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಹೀಗೆ ಕೇಳುವುದನ್ನು ನಿಮಗೆ ಪಾಠದಲ್ಲಿ ಹೇಳಿಕೊಡುತ್ತಾರೋ, ನಿನಗೇ ಬಂದಿದ್ದೋ ಗೊತ್ತಿಲ್ಲ. ನೀನು ಫೋನಿನಲ್ಲಿ ಸಮಾಜಶಾಸ್ತ್ರದ ದೊಡ್ಡ ವಿದ್ವಾಂಸ ಎಂ. ಎನ್. ಶ್ರೀನಿವಾಸ್ ಅವರ ಕತೆ ಹೇಳಿದ್ದೆಯಲ್ಲ. ಮೈಸೂರಿನವರು, 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಉಳಿದುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಹಚ್ಚಿ, ಅವರು ಅಲ್ಲಿ ಸಿದ್ಧಮಾಡಿಟ್ಟಿದ್ದ ಟಿಪ್ಪಣಿಗಳೆಲ್ಲ ಸುಟ್ಟವು. ಆಮೇಲೆ ಬಹುಪಾಲು ನೆನಪಿನಿಂದಲೇ ಆ ಊರಿನ ಬಗ್ಗೆ ಬರೆದರು. 'ವೋಟ್ ಬ್ಯಾಂಕ್' ಅನ್ನುವ ಮಾತನ್ನು ಬಳಕೆಗೆ ತಂದವರೂ ಅವರೇ ಅಂದಿದ್ದೆ. ಅದನ್ನು ನಾನು ಟೀ ಅಂಗಡಿಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಟಿವಿಯವರು ಮಾಡಿದ್ದು ಅಂತ ಎಲ್ಲರ ವಾದ.

ಸರಿ, ಜನರ ಹತ್ತಿರ ಕೂತು ಮಾತು ಹೊರಡಿಸುವುದು ನಿನ್ನ ಕಸುಬು ಅಂತಾದರೆ, ಅದಕ್ಕೆ ಸಂಬಳ ಕೊಡುವವರು ಯಾರು?

ನನ್ನ ಮನಸ್ಸು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಕಡೆ ಇದೆ. ಎರಡು ವರ್ಷ. ಮೈಸೂರಿನಲ್ಲೇ ಇದೆ, ತುಮಕೂರಿನಲ್ಲೂ ಇದೆ. ಮಂಗಳೂರಿನ ರೋಶನಿ ನಿಲಯ ಕಾಲೇಜು 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಓದಿನ ಜೊತೆಗೇ ವಾರದಲ್ಲಿ ಕೆಲವು ದಿನ ಫೀಲ್ಡ್ ವರ್ಕ್ ಇರುತ್ತೆ. ಅಂದರೆ ಕೆಲಸದ ದಿನ ಹೇಗಿರುತ್ತೆ ಅಂತ ಓದು ಮುಗಿಯುವ ಮೊದಲೇ ಗೊತ್ತಾಗುತ್ತೆ. ನನಗೆ ಹಿಡಿಸಿದ್ದು ಅದೇ. ಆಮೇಲೆ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರಾಗಿ ತೆಗೆದುಕೊಳ್ಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ಅಂತ ಬೇರೆ ವಿಭಾಗವೇ ಇದೆ. ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಅಂತ ಹುದ್ದೆ ಇರುತ್ತೆ. 500 ಕಾರ್ಮಿಕರಿದ್ದರೆ ಅಂಥವರು ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಗಾರ್ಮೆಂಟ್ಸ್‌ಗೆ ಹೋಗುವ ನಿನ್ನ ಅತ್ತೆಯನ್ನು ಕೇಳು. ರಜೆ ಚೀಟಿಗೂ ಕೂಸಿನಮನೆಗೂ ಸೂಪರ್‌ವೈಸರ್ ಮೇಲಿನ ದೂರಿಗೂ ಅವಳು ಹೋಗುವುದು ಅಂಥ ಒಬ್ಬ ಮೇಡಂ ಹತ್ತಿರವೇ.

ಮಕ್ಕಳ ರಕ್ಷಣಾ ಘಟಕ, ಮಕ್ಕಳ 1098 ಸಹಾಯವಾಣಿ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಇಲ್ಲೆಲ್ಲ ಕೆಲಸ ಇದೆ. ಆದರೆ ಹೆಚ್ಚಿನವು ಗುತ್ತಿಗೆ, ಸಂಬಳ ಕಮ್ಮಿ. ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಪ್ರತಿ ವರ್ಷ ಗುತ್ತಿಗೆ ನವೀಕರಣದ ಕಾಗದ ಜೆರಾಕ್ಸ್ ಮಾಡಿಸಲು ಬರುತ್ತಾಳೆ. ಬಾಲ್ಯವಿವಾಹ ನಿಲ್ಲಿಸೋಕೆ ಮಧ್ಯರಾತ್ರಿ ಜೀಪಿನಲ್ಲಿ ಹೋಗಿದ್ದನ್ನು ಹೇಳುವಾಗ ಅವಳ ಮುಖ ನೋಡಬೇಕು. ಸಂಬಳದ ಮಾತು ಬಂದಾಗಲೂ ನೋಡಬೇಕು.

ಎಂಎ ಮಾಡಿ ಪಾಠ ಹೇಳುವ ಆಸೆ ನಿನಗಿದೆ ಅಂತ ಗೊತ್ತು. 55 ಪರ್ಸೆಂಟ್ ತೆಗೆದು ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ನೆಟ್‌ನಲ್ಲಿ ಸಂಶೋಧನೆಯ ಫೆಲೋಶಿಪ್ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ, ಚಿಂತೆ ಇಲ್ಲ. ಬರದಿದ್ದರೆ ಅತಿಥಿ ಉಪನ್ಯಾಸಕಿ. ಕಾಯಂ ಆಗುವಷ್ಟರಲ್ಲಿ ಕೂದಲು ನೆರೆತ ಅತಿಥಿಗಳನ್ನು ನಾನು ಬಹಳ ನೋಡಿದ್ದೇನೆ. ಹೈಸ್ಕೂಲ್ ಆದರೂ ಸಾಕು ಅಂದರೆ ಬಿ.ಇಡಿ. ಮಾಡಬೇಕು. ಆ ದಾರಿ ನಿನಗೇ ಗೊತ್ತು.

ಇನ್ನೊಂದು ಕೆಲಸದ ಹೆಸರು ಈಗಲೂ ನನ್ನ ನಾಲಿಗೆಗೆ ಹತ್ತಿಲ್ಲ. ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದು "ಸರ್, ಎರಡು ದಿನ ನಿಮ್ಮ ಅಂಗಡಿಯಲ್ಲಿ ಸುಮ್ನೆ ಕೂತಿರಲಾ?" ಅಂದಳು. ಇನ್‌ಸ್ಪೆಕ್ಷನ್ ಏನೋ ಅಂತ ಹೆದರಿದೆ. ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪ್ ಮಾಡುವವರ ಕಡೆಯವಳಂತೆ. ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ವಯಸ್ಸಾದವರು ತಾವೇ ಒತ್ತದೆ ಫೋನನ್ನು ಪಿನ್ ಸಮೇತ ನನ್ನ ಕೈಗೆ ಕೊಡುತ್ತಾರಲ್ಲ, ಅದು ಯಾಕೆ ಅಂತ ಅವಳಿಗೆ ಗೊತ್ತಾಗಬೇಕಿತ್ತು. ನಾನು "ಅವರಿಗೆ ಬರಲ್ಲ ಮೇಡಂ, ಅಷ್ಟೇ" ಅಂದೆ. ಎರಡನೇ ದಿನ ಸಂಜೆ ಅವಳು ಹೇಳಿದಳು: "ಬರಲ್ಲ ಅಂತ ಅಲ್ಲ ಸರ್. ತಪ್ಪಾದರೆ ಮನೇಲಿ ಮಕ್ಕಳು ಬೈತಾರೆ. ನಿಮ್ಮ ಕೈಯಲ್ಲಿ ತಪ್ಪಾದರೆ ಅದು ನಿಮ್ಮ ತಪ್ಪು." ಹೌದಲ್ಲ! ಅವಳು ಓದಿದ್ದು ಏನು ಅಂತ ಕೇಳಿದೆ. ಸಮಾಜಶಾಸ್ತ್ರ ಅಂದಳು. ಅವತ್ತು ನಿನ್ನ ವಿಷಯ ಹೇಳಿ ಫೋನ್ ನಂಬರ್ ತೆಗೆದುಕೊಳ್ಳಬೇಕಿತ್ತು, ಹೊಳೆಯಲಿಲ್ಲ. ಇಂಥ ಕಡೆ ಇಂಗ್ಲಿಷು ಬೇಕು, ಲೆಕ್ಕದ ಎಕ್ಸೆಲ್ಲೂ ಬೇಕು. ಎಕ್ಸೆಲ್ ನಾನು ಕಲಿಸುತ್ತೇನೆ. ಇಂಗ್ಲಿಷು ನೀನು ನೋಡಿಕೊ.

ನಿನ್ನ ಮೇಲೆ ಏನೂ ಹೇರುತ್ತಿಲ್ಲ. ಒಂದೇ ಕೇಳುತ್ತೇನೆ. ಮೇ ತಿಂಗಳೊಳಗೆ ಇದರಲ್ಲಿ ಮೂರು ಕೆಲಸ ಮಾಡುವವರ ಜೊತೆ ಒಂದೊಂದು ದಿನ ಕೂತು ಬಾ. ನಮ್ಮ ಅಂಗಡಿಯಲ್ಲಿ ಆ ಹುಡುಗಿ ಕೂತಳಲ್ಲ, ಹಾಗೆ. ಬೆಳಿಗ್ಗೆ ಹತ್ತಕ್ಕೆ ಏನು ಮಾಡುತ್ತಾರೆ, ಮೂರು ಗಂಟೆಗೆ ಯಾರ ಹತ್ತಿರ ಬೈಸಿಕೊಳ್ಳುತ್ತಾರೆ, ಐದಕ್ಕೆ ಮನೆಗೆ ಹೋಗುತ್ತಾರೋ ಇಲ್ಲವೋ, ನೋಡಿ ಬಂದು ಹೇಳು. ಆಮೇಲೆ ಯಾವ ಅರ್ಜಿ ಅಂತ ನೀನೇ ಹೇಳು, ತುಂಬುವುದು ನನ್ನ ಕೆಲಸ.

ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಗ್ರಾಮೀಣ ಸರ್ಟಿಫಿಕೇಟ್ ಮಾಡಿಸುತ್ತಿದ್ದೇನೆ. ಹೆಡ್‌ಮಾಸ್ಟರ್ ಸಹಿ ಆಯಿತು, ಬಿಇಒ ಸಹಿ ಬಾಕಿ ಇದೆ. ನಿನ್ನ ಫೋಲ್ಡರಿನಲ್ಲಿ ಇರುವುದು ಪಿಯುಸಿಯ ಒಂದೇ ಫೋಟೊ, ಎರಡು ಜಡೆಯದು. ಹೊಸದೊಂದು ತೆಗೆಸಿ ಕಳಿಸು. 50 ಕೆಬಿ ಒಳಗೆ ನಾನೇ ಇಳಿಸಿಕೊಳ್ಳುತ್ತೇನೆ.

ಗೃಹಪ್ರವೇಶದ ಆ ಪಕ್ಕದ ಎಲೆಯವರು ಮೊನ್ನೆ ಪಹಣಿ ತೆಗೆಸಲು ಬಂದಿದ್ದರು. ಪ್ರಿಂಟ್ ಬರುವಷ್ಟರಲ್ಲಿ ಸಮಾಜಶಾಸ್ತ್ರ ಅಂತ ಹೇಳಿದೆ. "ಹಂಗಂದ್ರೆ?" ಅಂದರು. ತೆಂಗಿನಮರದ ಕತೆ ಹೇಳಿದೆ.

ಇಂತಿ,
ನಿನ್ನ ಅಪ್ಪ

ಯುಗಾದಿಗೆ ಬರುತ್ತೀಯಲ್ಲ, ನನ್ನ ಎಲೆಗೆ ಒಬ್ಬಟ್ಟು ಬಾಕಿ ಇದೆ.