ಸೀಸೆ ಕುಲುಕಿದ ಕೈಗಳಿಗೆ

ಕಳೆದ ವಾರ ಅಕ್ಕನ ಮಗಳಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಏನೂ ತೊಂದರೆಯಾಗಲಿಲ್ಲ. ಆ ‘ಏನೂ ಆಗಲಿಲ್ಲ’ ಎಂಬುದಕ್ಕೇ ಈ ಬರಹ. ವರ್ಷದಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಇದ್ದೆ.

ಹೋದ ವರ್ಷ ಮುರಿದ ಮೊಣಕೈ ಜೋಡಿಸಲು ನನ್ನನ್ನು ಮಲಗಿಸಿದ್ದರು. ಅರಿವಳಿಕೆಯ ಭಯ ನನಗಿರಲಿಲ್ಲ. ಹತ್ತು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿಕೊಂಡು ಸುಖವಾಗಿ ಎದ್ದು ಬಂದವನು. ಈ ಸಲ ಎಚ್ಚರವಾದದ್ದು ಎರಡು ದಿನದ ಮೇಲೆ, ತೀವ್ರ ನಿಗಾ ಘಟಕದಲ್ಲಿ. ಒನಕೆಯಿಂದ ಕುಟ್ಟಿದಂತೆ ಮೈಯೆಲ್ಲ ನೋವು. ಕೈ ಮಾತ್ರ ಇನ್ನೂ ಮುರಿದೇ ಇತ್ತು.

ಮೊದಲ ನಮಸ್ಕಾರ ಅಂದಿನ ಅರಿವಳಿಕೆ ತಜ್ಞೆಗೆ. ನನ್ನ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇರುವುದನ್ನು ಅವರು ಕಂಡಾಗ ಮೈ ಇನ್ನೂ ಬಿಸಿಯಾಗಿರಲಿಲ್ಲವಂತೆ. ನನಗಾದದ್ದು ಮ್ಯಾಲಿಗ್ನಂಟ್ ಹೈಪರ್ಥರ್ಮಿಯಾ, ಅರಿವಳಿಕೆಯ ಅನಿಲ ತಗುಲಿ ಸ್ನಾಯುಗಳು ಹತೋಟಿ ತಪ್ಪುವ ಕಾಯಿಲೆ. ಹೆಸರಿನಲ್ಲೇ ತಾಪವಿದ್ದರೂ ತಾಪ ಎಷ್ಟೋ ಸಲ ತಡವಾಗಿ ಬರುತ್ತದೆ. ಅವರು ಅದಕ್ಕಾಗಿ ಕಾಯದೆ ಅನಿಲ ನಿಲ್ಲಿಸಿ, ಶಸ್ತ್ರವೈದ್ಯರ ಕೈ ತಡೆದು, ನೆರವಿಗೆ ಕೂಗಿದರು.

ಆ ಕೂಗಿಗೆ ಓಡಿಬಂದವರಲ್ಲಿ ಅನೇಕರ ಹೆಸರು ನನಗೆ ಇಂದಿಗೂ ತಿಳಿಯದು. ಈ ಕಾಯಿಲೆಗಿರುವ ಮದ್ದು ಡಾಂಟ್ರೋಲಿನ್. ಅಲ್ಲಿದ್ದದ್ದು ಹಳೆಯ ಬಗೆಯದು: ಸೀಸೆಗೆ 20 ಮಿಲಿಗ್ರಾಂ ಕಿತ್ತಳೆ ಛಾಯೆಯ ಪುಡಿ, ಅದಕ್ಕೆ 60 ಮಿಲಿಲೀಟರ್ ಶುದ್ಧ ನೀರು. ಹಟಮಾರಿ ಪುಡಿ, ಸುಲಭಕ್ಕೆ ಕರಗುವುದಿಲ್ಲ. ಕಿಲೋ ತೂಕಕ್ಕೆ 2.5 ಮಿಲಿಗ್ರಾಂ ಲೆಕ್ಕದಲ್ಲಿ 72 ಕಿಲೋದ ನನಗೆ ಮೊದಲ ಸುತ್ತಿಗೇ ಒಂಬತ್ತು ಸೀಸೆ ಬೇಕಾಯಿತು. ಪಕ್ಕದ ಕೊಠಡಿಯ ದಾದಿಯರು, ತಂತ್ರಜ್ಞರು, ಆ ದಿನವಷ್ಟೇ ಬಂದಿದ್ದ ಒಬ್ಬ ವಿದ್ಯಾರ್ಥಿನಿ, ಎಲ್ಲರೂ ಸಾಲಾಗಿ ನಿಂತು ಸೀಸೆ ಕುಲುಕಿದರಂತೆ. ನಾನು ನೋಡಲಾಗದೆ ಹೋದ ಆ ದೃಶ್ಯವೇ ನನ್ನ ಕಣ್ಣಿಗೆ ಹೆಚ್ಚು ಕಟ್ಟಿದೆ.

ಏನಾಗಿತ್ತೆಂದು ತಿಳಿಸಿದವರು ಒಬ್ಬ ಕಿರಿಯ ವೈದ್ಯರು. ನನ್ನ ಪ್ಲಾಸ್ಟರಿನ ಮೇಲೆಯೇ ಪೆನ್ನಿನಿಂದ ಎರಡು ಬಾಗಿಲು ಬರೆದರು. ಒಂದು, ಸ್ನಾಯುಕೋಶದೊಳಕ್ಕೆ ಕೊಳವೆಯಂತೆ ಇಳಿದ ಪೊರೆಯಲ್ಲಿರುವ ಕ್ಯಾಲ್ಸಿಯಂ ವಾಹಿನಿ. ಇನ್ನೊಂದು, ಅದಕ್ಕೆ ಎದುರಾಗಿ ಒಳಗಿನ ಕ್ಯಾಲ್ಸಿಯಂ ಕಣಜದ ಗೋಡೆಯಲ್ಲಿರುವ ರಯನೋಡಿನ್ ಗ್ರಾಹಕ. ನರದ ಆಜ್ಞೆ ಬಂದಾಗ ಮೊದಲನೆಯದು ವಿದ್ಯುತ್ತಿನ ಏರುಪೇರನ್ನು ಗ್ರಹಿಸಿ ಎರಡನೆಯದನ್ನು ನೇರವಾಗಿ ತೆರೆಸುತ್ತದೆ; ಕಣಜದಿಂದ ಹೊರಬಂದ ಕ್ಯಾಲ್ಸಿಯಂ ಸ್ನಾಯುವನ್ನು ಬಿಗಿಸುತ್ತದೆ. ಹೃದಯದಲ್ಲಿ ಹಾಗಲ್ಲ, ಅಲ್ಲಿ ಹೊರಗಿನ ಕ್ಯಾಲ್ಸಿಯಂ ಒಳಬಂದು ಕಣಜದ ಬಾಗಿಲು ತಟ್ಟಬೇಕು. ಸ್ನಾಯು ಸುಮ್ಮನಿರುವಾಗ ಬಾಗಿಲು ಮುಚ್ಚಿಡುವುದರಲ್ಲಿ ಮೆಗ್ನೀಸಿಯಂ ಪಾತ್ರ ದೊಡ್ಡದು. ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್ ಇನ್ನೂ ಚತುರ: ಸುತ್ತ ಕ್ಯಾಲ್ಸಿಯಂ ಕಡಿಮೆಯಿದ್ದರೆ ತೆರೆಯಲು ನೆರವಾಗುತ್ತದೆ, ಹೆಚ್ಚಿದರೆ ತಡೆಯುತ್ತದೆ. ಇಷ್ಟು ಕಾವಲಿದ್ದರೂ ನನ್ನ ಗ್ರಾಹಕದ ಅಗುಳಿ ಹುಟ್ಟಿನಿಂದಲೇ ಸಡಿಲ. ಸೆವೊಫ್ಲುರೇನ್ ಎಂಬ ಅರಿವಳಿಕೆಯ ಅನಿಲ ತಗುಲಿದ್ದೇ ಕ್ಯಾಲ್ಸಿಯಂ ಹರಿಯುತ್ತಲೇ ಹೋಯಿತು. ಅದನ್ನು ಕಣಜಕ್ಕೆ ಮರಳಿ ತುಂಬಲು ಪಂಪುಗಳು ಎಡೆಬಿಡದೆ ದುಡಿದು ಕೋಶದ ಇಂಧನ ಸುಟ್ಟವು. ಉಸಿರಿನಲ್ಲಿ ಏರಿದ ಡೈಆಕ್ಸೈಡ್ ಅದರದ್ದೇ. ಅಪೆಂಡಿಕ್ಸ್ ತೆಗೆದಾಗ ಏಕೆ ಆಗಲಿಲ್ಲವೆಂದು ಕೇಳಿದೆ. ‘ಪ್ರತಿ ಸಲವೂ ಆಗಬೇಕೆಂದಿಲ್ಲ’ ಎಂದರು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಕಾಣದವರಿಗೂ ಋಣವಿದೆ. ಮೆಲ್ಬರ್ನಿನಲ್ಲಿ ಕಾಲು ಮುರಿದುಕೊಂಡ ಒಬ್ಬ ತರುಣ, ತನ್ನ ಬಂಧುಗಳಲ್ಲಿ ಹತ್ತು ಮಂದಿ ಅರಿವಳಿಕೆಯಿಂದ ಸತ್ತಿದ್ದಾರೆಂದು ವೈದ್ಯರಿಗೆ ಹೇಳಿದ. ಅವನ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ ಅದನ್ನು ಪ್ರಕಟಿಸಿದರು. 1975ರಲ್ಲಿ ಸಂಶೋಧಕ ಹ್ಯಾರಿಸನ್ ಡಾಂಟ್ರೋಲಿನ್‌ನಿಂದ ಬದುಕಿಸಿದ್ದು ಇದೇ ಕಾಯಿಲೆಗೆ ಸಿಕ್ಕ ಹಂದಿಗಳನ್ನು. ಹಾಗಾಗಿ ಆ ಹಂದಿಗಳಿಗೂ ನನ್ನ ನಮಸ್ಕಾರ, ನಗುವವರು ನಗಲಿ.

ಅಕ್ಕಾ, ಜೀನ್ ಪರೀಕ್ಷೆ ಮಾಡಿಸು ಎಂದು ಕಾಡಿದಾಗ ನೀನು ಬೈದದ್ದು ನೆನಪಿದೆ. ಬೈದುಕೊಂಡೇ ಹೋಗಿ ಮಾಡಿಸಿದೆ. ಅದೇ ದೋಷ ನಿನಗೂ ಇತ್ತು, ಮಗಳಿಗೂ ಇತ್ತು. ಅದಕ್ಕೇ ಕಳೆದ ವಾರ ಅವಳಿಗೆ ಅನಿಲ ಕೊಡದೆ, ಯಂತ್ರದಲ್ಲಿ ಉಳಿದಿದ್ದ ಅನಿಲವನ್ನೂ ಹೊರಹಾಕಿ, ರಕ್ತನಾಳದ ಮೂಲಕ ಪ್ರೊಪೊಫಾಲ್ ಕೊಟ್ಟು ಮಲಗಿಸಿದರು. ಡಾಂಟ್ರೋಲಿನ್ ಸೀಸೆಗಳನ್ನು ಪಕ್ಕದಲ್ಲೇ ಜೋಡಿಸಿಟ್ಟಿದ್ದರು. ಸಂಜೆ ಅವು ಮುಚ್ಚಳ ತೆರೆಯದೆ ಕಪಾಟಿಗೆ ಮರಳಿದವು.